ಜ್ವರವಿಲ್ಲದ ಎರಡು ದಿನ

ಹಾಸನ, ಸಾಲಗಾಮೆ ರಸ್ತೆ, ನರ್ಸಿಂಗ್ ಹೋಮಿನ
ಮೆಟ್ಟಿಲಡಿಯ ಕೋಣೆ. ಹಿಂದೆ ಜನರೇಟರ್ ಇತ್ತಂತೆ ಇಲ್ಲಿ,
ಗೋಡೆಗೆ ಇನ್ನೂ ಡೀಸೆಲ್ ವಾಸನೆ.
ನನಗೊಂದು ಪ್ಲಾಸ್ಟಿಕ್ ಕುರ್ಚಿ, ಒಂದು ಲೋಟ ಕಾಫಿ;
ಲೆಕ್ಕ ನೋಡಲು ಬಂದವಳಿಗೆ
ಎಲ್ಲರೂ ಸಕ್ಕರೆ ಹೆಚ್ಚೇ ಹಾಕುತ್ತಾರೆ.

ನೂರಕ್ಕೆ ಹತ್ತು ಕಡತ ನನ್ನ ಪಾಲು.
ಹೆಬ್ಬೆಟ್ಟು ಇದೆಯೆ,
ಎಡ ಮಂಡಿಯ ಬಿಲ್ಲಿಗೆ ಬಲ ಮಂಡಿಯ ಎಕ್ಸ್‌ರೇ ಅಂಟಿದೆಯೆ,
ಸ್ಟೆಂಟಿನ ಸ್ಟಿಕ್ಕರು ಮೂಲವೋ ಜೆರಾಕ್ಸೋ.
ಹದಿನಾಲ್ಕು ವರ್ಷ ವಾರ್ಡಿನಲ್ಲಿ ದುಡಿದ ಬೆರಳು
ಈಗ ಹಿಡಿಯುವುದು ಕಾಗದದ ನಾಡಿ.

ಮೂವತ್ತೊಂದನೆಯದು: ರಂಗಶಾಮಯ್ಯ, ಐವತ್ತೆಂಟು,
ಆಲೂರು ಕಡೆಯವರು, ವೇಬ್ರಿಡ್ಜಿನಲ್ಲಿ ಲಾರಿ ತೂಗುತ್ತಿದ್ದವರು.
ಎರಡನೇ ತಾರೀಕು ದಾಖಲು.
ಮರಣದ ಚೀಟಿ: ಹನ್ನೊಂದು, ನಸುಕಿನ ಮೂರು ಹತ್ತು.
ಜ್ವರದ ಪಟ್ಟಿ ಮಾತ್ರ ನಿಂತಿಲ್ಲ.
ಹನ್ನೊಂದು, ಬೆಳಿಗ್ಗೆ ಆರು: ತೊಂಬತ್ತೆಂಟು ಪಾಯಿಂಟ್ ನಾಲ್ಕು.
ಹತ್ತಕ್ಕೂ ಅಷ್ಟೇ. ಎರಡಕ್ಕೂ ಅಷ್ಟೇ.
ಹನ್ನೆರಡು, ಮಧ್ಯಾಹ್ನ: ಗಂಜಿ ಅರ್ಧ ಲೋಟ, ಬಾಯಿಂದಲೇ.
ರಾತ್ರಿ: ನಿದ್ದೆ ಚೆನ್ನಾಗಿದೆ. ದೂರುಗಳಿಲ್ಲ.

ಹುಡುಗಿ ಯಾರೋ ಗೊತ್ತಿಲ್ಲ, ಈ ಬರಹ ಗೊತ್ತು.
ಒಂದೇ ಪೆನ್ನು, ಒಂದೇ ಓಟ,
ಕಡೇ ಬಸ್ಸು ಹೋದೀತೆಂಬ ಗಾಬರಿಯಲ್ಲಿ
ನಾಲ್ಕು ದಿನ ಒಟ್ಟಿಗೆ ಬರೆದು ಮುಗಿಸುವ ಕೈ.
ನಾನೂ ಬರೆದಿದ್ದೇನೆ. ಯಾರೂ ಸತ್ತಿರಲಿಲ್ಲ, ಅಷ್ಟೇ.
ಸತ್ತಿದ್ದರೂ ಆ ಕಡತ ಯಾರ ಹತ್ತರಲ್ಲೂ ಬರಲಿಲ್ಲ.
ಅಥವಾ ಇದು ಯಾರೋ ಹೇಳಿ ಬರೆಸಿದ್ದು;
ಕಾಗದ ಅದನ್ನು ಬಾಯಿ ಬಿಡುವುದಿಲ್ಲ.

ಐಸಿಯು ದಿನಕ್ಕೆ ಎಂಟೂವರೆ, ಎರಡು ದಿನ:
ಹದಿನೇಳು ಸಾವಿರ ವಾಪಸು ಬರಬೇಕು. ಬರೆದೆ.
ಇನ್ನು ದೃಢೀಕರಣದ ಫೋನು; ನಿಯಮ.

"ಈರಾಜಮ್ಮ ಅಲ್ವ? ಯಜಮಾನರನ್ನ ಯಾವತ್ತು ಕರಕೊಂಡು ಹೋದ್ರಿ?"
"ಹನ್ನೊಂದ್ನೇ ತಾರೀಕು ಕಣವ್ವ, ಕೋಳಿ ಕೂಗೋಕೆ ಮುಂಚೆ.
ಗೂಡ್ಸ್ ಆಟೋದಲ್ಲಿ. ರೈಲ್ವೆ ಗೇಟ್ ಹಾಕ್ಬುಟ್ಟಿದ್ರು.
ಡಬ್ಬಿ ಎಣಿಸ್ದೆ, ನಲವತ್ತೆರಡು.
ಇನ್ನೇನ್ ಮಾಡ್ಲಿ, ಅವರೂ ಜೊತೇಲಿದ್ರು."

ಇಷ್ಟು ಸ್ಪಷ್ಟ ಹೇಳಿಕೆ
ಈ ವರ್ಷವೆಲ್ಲ ಸಿಕ್ಕಿರಲಿಲ್ಲ ನನಗೆ.
ಅಲ್ಲಿಗೆ ಇಡಬೇಕಿತ್ತು ಫೋನು.
"ಯಾಕವ್ವ, ಚೀಟೀಲಿ ಬ್ಯಾರೆ ಬರದವ್ರಾ?"
ಸುಳ್ಳು ಹಿಡಿಯುವ ಕೆಲಸದವಳು;
ಬೇಕಾದಾಗ ಒಂದೂ ಬಾಯಿಗೆ ಬರಲಿಲ್ಲ.
"ಹನ್ನೆರಡನೇ ತಾರೀಕೂ ಬರೆದಿದಾರೆ."
"ಏನಂತ?"
"ಜ್ವರ ಇಲ್ಲ ಅಂತ."
ಅತ್ತ ಒಂದು ಕುಕ್ಕರ್ ಕೂಗಿ ಸುಮ್ಮನಾಯಿತು.
"ಊಟ?"
"ಗಂಜಿ. ಅರ್ಧ ಲೋಟ."
"ನನ್ ಕೈಲಿ ಒಂಬತ್ತು ದಿನ ಒಂದು ಗುಟುಕು ಇಳೀಲಿಲ್ಲ ಕಣವ್ವ."
ಆಮೇಲೆ, ಮೆಲ್ಲಗೆ:
"ಯಾರ ಕೈಲಿ ಕುಡುದ್ರಂತೆ?"

ಅದಕ್ಕೆ ಅಂಕಣವಿಲ್ಲ.
ಪಟ್ಟಿಯ ಕೊನೆಗೆ ಒಂದು ಸಹಿ, ಬಿಚ್ಚಿಕೊಂಡ ನೂಲಿನ ಹಾಗೆ.
ಅದನ್ನೇ ಹೇಳಿದೆ: ಸಹಿ ಗೊತ್ತಾಗುತ್ತಿಲ್ಲ.

ಕಡತ ಮುಚ್ಚುವಾಗ ಕೊನೇ ಹಾಳೆಗೊಂದು ತುಕ್ಕು ಪಿನ್ನು,
ಪಿನ್ನಿನಡಿ ನಾಲ್ಕು ಮಡಿಕೆಯ ರಸೀದಿ:
ರಕ್ತ, ಎರಡು ಬಾಟಲಿ, ಎರಡು ಸಾವಿರದ ಒಂಬೈನೂರು,
ನಗದು, ಈರಾಜಮ್ಮ.
ವಿಮೆಯ ರೋಗಿಯಿಂದ ಮುಟ್ಟುವ ಹಾಗೇ ಇಲ್ಲದ ದುಡ್ಡು.
ಮೂರು ಮೇಜು ದಾಟಿ ಬಂದ ಕಡತ,
ಯಾರೂ ಪಿನ್ನು ಬಿಚ್ಚಿರಲಿಲ್ಲ.
ಕೆಂಪು ಶಾಯಿಯಲ್ಲಿ ಬರೆದೆ: ಆಸ್ಪತ್ರೆಯು ಈಕೆಗೆ ಹಿಂತಿರುಗಿಸತಕ್ಕದ್ದು.
ಅಕ್ಷರ ಸ್ವಲ್ಪ ದೊಡ್ಡದೇ ಆಯಿತು.

ಜ್ವರದ ಪಟ್ಟಿಯ ಪಕ್ಕ:
ಮರಣಾನಂತರದ ನಮೂದು, ವಿವರಣೆ ಕೋರಿದೆ.
ಗಂಜಿಯ ಸಾಲಿಗೆ ಸುತ್ತು ಹಾಕುವಾಗ ಪೆನ್ನು ತಡೆಯಿತು.
ಹಾಕಿದೆ.

ಮೂವತ್ತೆರಡು. ಕಣ್ಣಿನ ಪೊರೆ.
ಬಿಲ್ಲು ಬಲಗಣ್ಣು ಅನ್ನುತ್ತದೆ, ಫೋಟೋದಲ್ಲಿ ಬ್ಯಾಂಡೇಜು ಎಡಕ್ಕೆ.
ತಡಿ, ಫೋಟೋವೇ ತಿರುವುಮುರುವಾಗಿ ಅಚ್ಚಾಗಿರಬಹುದು.
ಅಜ್ಜಿಯ ಹಿಂದಿನ ಬೋರ್ಡಿನಲ್ಲಿ
ಅಕ್ಷರ ನೆಟ್ಟಗಿವೆಯೋ ನೋಡಬೇಕು ಮೊದಲು.