ಮುದ್ರೆ ಬೀಳದ ಬಟ್ಟು

ಮೂವತ್ತೊಂದು ವರ್ಷ ತಕ್ಕಡಿಗಳಿಗೆ ಮುದ್ರೆ ಹೊಡೆದವನು ನಾನು.
ಗಾಂಧಿ ಬಜಾರಿನ ಬೆಲ್ಲದ ಅಂಗಡಿ, ಅಕ್ಕಸಾಲಿಗರ ಓಣಿ,
ಮೀನು ಮಾರ್ಕೆಟ್ಟಿನ ತುಕ್ಕು ಹಿಡಿದ ಕಲ್ಲುಗಳು
ಸರದಿಯಲ್ಲಿ ನನ್ನೆದುರು ನಿಂತು ತಪ್ಪೊಪ್ಪಿಕೊಂಡವು.
ಬಟ್ಟಿನ ತಳದ ಸೀಸ ಕೆರೆದವನನ್ನು
ಮುಖ ನೋಡದೆಯೂ ಹೇಳಬಲ್ಲೆ.

ಈಗ ದುರ್ಗಿಗುಡಿಯ ಮೆಟ್ಟಿಲ ಕೆಳಗೆ
ಫರ್ಹತ್‌ಳ ರಿಪೇರಿ ಅಂಗಡಿಯಲ್ಲಿ ಒಂದು ಸ್ಟೂಲು ನನ್ನದು.
ತುಂಗೆಗೆ ಬಿದ್ದೆದ್ದ ಫೋನುಗಳ ಹೊಟ್ಟೆ ಬಗೆದು
ಅವಳು ಭೂತಗನ್ನಡಿಯಲ್ಲಿ ಇಣುಕುತ್ತಾಳೆ,
ನಾನು ಪೇಪರು ಓದುತ್ತೇನೆ, ಜೋರಾಗಿ, ಯಾರೂ ಕೇಳದಿದ್ದರೂ.

"ಸಾಹೇಬ್ರೇ, ಇದನ್ನ ತೂಗಿ ನೋಡಣ," ಅಂದಳು ಒಂದು ಮಧ್ಯಾಹ್ನ.
ಗಾಜು ಸವರಿದಳು. ಪಟ್ಟಿ ಸರಸರ ಸರಿದು
ಕೊನೆ ಮುಟ್ಟಿ ತುಸು ಪುಟಿದು ನಿಂತಿತು,
ಹಗ್ಗ ಮುಗಿದಲ್ಲಿ ಕರು ಜಗ್ಗಿ ನಿಂತ ಹಾಗೆ.
"ಈ ಪುಟಿತಕ್ಕೂ ಒಬ್ಬ ಒಡೆಯ ಇದ್ದನಂತೆ."

ಹನ್ನೆರಡು ಸಾವಿರದ ಫೋನು.
ಅದರಲ್ಲಿ ಗಾಜೆಷ್ಟು, ತಾಮ್ರವೆಷ್ಟು,
ಎಲ್ಲೋ ಯಾರಿಗೋ ಹೊಳೆದದ್ದರ ಬಾಡಿಗೆ ಎಷ್ಟು?
ತೆರಿಗೆಗೆ ಬಿಲ್ಲಿನಲ್ಲಿ ಸಾಲಿದೆ.
ಇದಕ್ಕಿಲ್ಲ.
ಕೊಟ್ಟವನಿಗೆ ಗೊತ್ತು, ಪಡೆದವನಿಗೆ ಗೊತ್ತು,
ಬಾಯಿ ಬಿಡುವುದಿಲ್ಲವೆಂದು ಇಬ್ಬರೂ ಸಹಿ ಹಾಕಿದ್ದಾರೆ.
ದೊಡ್ಡವರು ದೊಡ್ಡವರ ನಡುವೆ
ಮದುವೆಮನೆಯ ಮುಯ್ಯಿಯಂತೆ ಬದಲಾಯಿಸಿಕೊಳ್ಳುತ್ತಾರೆ,
ಮುಯ್ಯಿಗೆ ಗತಿಯಿಲ್ಲದ ಸಣ್ಣ ಕಂಪನಿ
ಬಾಗಿಲಲ್ಲೇ ನಿಂತು ನಗದು ಎಣಿಸಬೇಕು.

ನ್ಯಾಯವಾದ ದರ, ಸಮಂಜಸ ದರ, ಭೇದವಿಲ್ಲದ ದರ
ಎಂದು ಬರೆದಿರುತ್ತಾರಂತೆ ಕಾಗದದಲ್ಲಿ.
ಮೂರೂ ಒಳ್ಳೆಯ ಮಾತೇ.
ಬಟ್ಟು ಎಲ್ಲಿ?

ನನ್ನ ಕಾಲದಲ್ಲಿ ತಕ್ಕಡಿಗೆ ಶುಲ್ಕವಿತ್ತು,
ಅದರ ಅಳತೆಗೆ ತಕ್ಕಷ್ಟು, ರಸೀದಿ ಸಮೇತ.
ಅಕ್ಕಸಾಲಿ ಅದರಲ್ಲಿ ಬಂಗಾರ ತೂಗಿದನೆಂದು
ಬಂಗಾರದಲ್ಲಿ ನಾನು ಪಾಲು ಕೇಳಲಿಲ್ಲ.
(ಕೇಳಿದವರಿದ್ದರು. ವಿನೋಬನಗರದಲ್ಲಿ ಅವರದು ಮೂರಂತಸ್ತು.)
ಇಲ್ಲಿ ಒಂದು ಪುಟಿತಕ್ಕೆ
ಇಡೀ ಫೋನಿನ ಬೆಲೆಯಲ್ಲಿ ನೂರಕ್ಕಿಷ್ಟು!
ಕ್ಯಾಮೆರಾ ಬೇರೆಯವನು ಸುಧಾರಿಸಿದರೂ ಇವನ ಪಾಲು ಏರುತ್ತದೆ.
ಎತ್ತಿನ ಕೊರಳಿಗೆ ಗಂಟೆ ಮಾರಿದವನು
ಸಂತೆಯಲ್ಲಿ ಎತ್ತಿನ ದುಡ್ಡಿಗೆ ಕೈ ಚಾಚಿದ ಹಾಗೆ.

ಇಷ್ಟು ಹೇಳಿ ಗೆದ್ದವನಂತೆ ಕೂತೆ.

ಫರ್ಹತ್ ಡ್ರಾಯರಿನಿಂದ ಒಂದು ಪಟ್ಟಿ ತೆಗೆದಳು.
ಭದ್ರಾವತಿಯ ಗುಜರಿ ಉಕ್ಕು, ಗರಗಸದ್ದು, ಹಲ್ಲು ಉಜ್ಜಿ ತೆಗೆದದ್ದು,
ತುದಿ ಬೆಕ್ಕಿನ ನಾಲಿಗೆಯಷ್ಟು ಬಾಗಿದೆ.
ಅಂಟು ಸುಡದೆ ಗಾಜು ಬಿಡಿಸಲು ಅವಳೇ ಹೂಡಿದ ಉಪಾಯ.
ಎರಡು ವರ್ಷ ಹಿಡಿಯಿತು. ನಲವತ್ತು ಗಾಜು ಒಡೆದವು.
ನಲವತ್ತರ ದಂಡ ತೆತ್ತದ್ದು ಅವಳ ಬಳೆ.
"ಡೊಮ್ನಿಕ್ ಬಂದ, ಚಾ ಕುಡಿದ, ನೋಡ್ಕೊಂಡು ಹೋದ.
ಈಗ ಭದ್ರಾವತೀಲಿ ಏಳು ಅಂಗಡೀಲಿ ಇದೇ ಪಟ್ಟಿ.
ನನಗೇನು ಬಂತು ಸಾಹೇಬ್ರೇ?"

ಕನ್ನಡಕ ಒರೆಸಿದೆ.
ಅದರಲ್ಲಿ ಧೂಳೇನೂ ಇರಲಿಲ್ಲ.

"ಎಷ್ಟು ಕೇಳ್ತೀಯ?"
"ಒಡೆದ ನಲವತ್ತರ ದುಡ್ಡು. ಆಮೇಲೆ ಒಂದಿಷ್ಟು."
"ಆ ಒಂದಿಷ್ಟು ಅಂದ್ರೆ?"
ಬೆಸುಗೆಯ ಕಡ್ಡಿ ತಣ್ಣಗಾಗುವವರೆಗೆ ಸುಮ್ಮನಿದ್ದಳು.
"ಡೊಮ್ನಿಕ್ ಮುಖ ನೆನೆದ್ರೆ ಜಾಸ್ತಿ ಕೇಳ್ಬೇಕು ಅನ್ಸುತ್ತೆ.
ಅವನ ಹತ್ರ ಕೆಲಸ ಕಲಿಯೋ ಎರಡು ಹುಡುಗೀರು ಇದ್ದಾರಲ್ಲ,
ಅವ್ರನ್ನ ನೆನೆದ್ರೆ ಏನೂ ಬೇಡ ಅನ್ಸುತ್ತೆ."

ಅಂದು ರಾತ್ರಿ ಪಟ್ಟಿಯನ್ನು ಮನೆಗೊಯ್ದು
ಕಪಾಟಿನ ಹಿತ್ತಾಳೆಯ ತಕ್ಕಡಿಯಲ್ಲಿಟ್ಟೆ.
ಹದಿನೇಳು ಗ್ರಾಂ, ಮೇಲೆ ಮುನ್ನೂರು ಮಿಲಿ.
ಹಳೇ ರಸೀದಿಯ ಬೆನ್ನಿನ ಮೇಲೆ ಬರೆದೆ, ತಾರೀಖು ಹಾಕಿದೆ.
ಮುದ್ರೆಯ ಅಚ್ಚು ಇಲಾಖೆಗೆ ಮರಳಿಸಿ ಎಂಟು ವರ್ಷವಾಯಿತು.
ಇದ್ದಿದ್ದರೂ
ಎಲ್ಲಿ ಹೊಡೆಯಬೇಕೆಂದು ತಿಳಿಯುತ್ತಿರಲಿಲ್ಲ.