ಅವಿರೋಧ

ಹಿನ್ನೀರು ಬಂದಾಗ ನಮ್ಮೂರು ಎದ್ದು ಗುಡ್ಡದ ಬಾಜೂಕ ಬಂತು.
ಬಾವಿ ಮುಳುಗಿತು, ಹಗೇವು ಮುಳುಗಿದವು,
ಅಗಸಿ ಕಲ್ಲಿಗೆ ನಂಬರು ಬರದು ಲಾರಿಗೆ ಹೇರಿದರು.
ಯಾರು ಕಟ್ಟಿ ಮ್ಯಾಲ, ಯಾರು ಮೆಟ್ಟಲ ಕೆಳಗ,
ಯಾರು ಚಪ್ಪಲಿ ಬಿಡೂ ಜಾಗದಾಗ
ಅದಕ್ಕ ಯಾರೂ ನಂಬರು ಬರೀಲಿಲ್ಲ.
ಅದು ತಾನ ನಡಕೊಂಡು ಬಂದು
ಪುನರ್ವಸತಿ ಕೇಂದ್ರದಾಗ
ತನ್ನ ಹಳೇ ಜಾಗಾ ಹಿಡದು ಕುಂತಿತು.

ಪಂಚಾಯ್ತಿ ಇಲೆಕ್ಷನ್ ಬಂದ್ರ
ಗುಡಿ ಪೌಳ್ಯಾಗ ಒಂದ ರಾತ್ರಿ, ಒಂದ ಡಬರಿ ಚಾ.
ನಮ್ಮ ವಾರ್ಡಿನ ಸೀಟಿಗೆ ಒಬ್ಬಾಂವ ಎರಡೂವರಿ ಲಕ್ಷ ಅಂದ,
ಇನ್ನೊಬ್ಬಾಂವ ಮೂರು, ಮ್ಯಾಲ ಗೋಪುರದ ಕಳಸಾನೂ ನಂದ ಅಂದ.
ಮುಗೀತು. ಗುಲಾಲು.
ಮರುದಿನ ಪೇಪರಿನ್ಯಾಗ:
ಗ್ರಾಮಸ್ಥರೆಲ್ಲರೂ ಸೇರಿ ಅವಿರೋಧ ಆಯ್ಕೆ.
ನಾ ಆ ಹೊತ್ತಿನ್ಯಾಗ ಕಸಬರಿಗಿ ಹಿಡದು ಹೊರಗ ನಿಂತಿದ್ದೆ,
ಚಾದ ಕಪ್ಪು ಬಳಿಯಾಕ.

ದಿಲ್ಲಿಗೆ ಯಾರು ಹೋಗಬೇಕಂತ ನನ್ನ ಕೇಳತಾರ,
ಬೆರಳಿಗೆ ಶಾಯಿ ಹಚ್ಚತಾರ.
ನಮ್ಮ ಓಣಿ ನಳಕ್ಕ ವಾರಕ್ಕೆಷ್ಟು ಸಲ ನೀರಂತ
ಹದಿನೈದು ವರ್ಷದಾಗ ಒಮ್ಮಿನೂ ಕೇಳಿಲ್ಲ.

ಶಾಲಿ ಪ್ರಾರ್ಥನಾದಾಗ ಮಗಳು ಕರುಣಾ ದಿನಾ ಒದರತಾಳ,
ಜನತೆಯಾದ ನಾವು, ನಾವು.
ಆ ನಾವಿನ್ಯಾಗ ನಾ ಅದೀನೇನ? ಅಂದೆ.
ಅದೀ ಯವ್ವಾ.
ಹೆಸರು ಹಿಡದು ಕರಿಯೂದಿಲ್ಲ, ಅಷ್ಟ.

ಫಾರ್ಮು ತಂದೆ.
ಸೂಚಕರದೊಂದು ಸಹಿ ಬೇಕಂದ ಸಾಹೇಬ.
ಓಣಿ ತುಂಬ ತಿರುಗಿದೆ. ಒಬ್ಬರ ಕೈಗೆ ಸುಣ್ಣ ಹತ್ತಿತ್ತು,
ಒಬ್ಬರ ಕನ್ನಡಕ ಒಡದಿತ್ತು,
ಒಬ್ಬರು ಮನ್ಯಾಗ ಇದ್ದೂ ಇರಲಿಲ್ಲ.
ಕಡೀಕ ನಮ್ಮತ್ತಿ ಕಸ್ತೂರೆವ್ವ,
ಇಪ್ಪತ್ತು ವರ್ಷ ನನ್ನ ಕೂಡ ನೆಟ್ಟಗ ಮಾತಾಡಿದಾಕಿ ಅಲ್ಲ,
ಸೆರಗಿಗೆ ಕೈ ಒರಸಿಕೊಂಡು
ಹೆಬ್ಬೆಟ್ಟು ಒತ್ತಿದಳು,
ಹಾಳಿ ಹಿಂದ ಮೂಡೂವಂಗ.

ಹಂಗಾಗಿ ಊರಿಗೆ ಮತಪೆಟಗಿ ಬಂತು.
ಕಳಸದ ಸಾವಕಾರ ಮೊದಲನೇ ಸಲ ನಮ್ಮ ಹೊಸ್ತಿಲಿಗೆ ಬಂದು,
ಎದುರು ನಿಂತಾಕಿ ನಾನ ಅನ್ನೂದು ಮರತು,
ಅಕ್ಕಾ, ಒಂದು ವೋಟು ನೆನಪಿಡ್ರಿ ಅಂದ.
ಚಪ್ಪಲಿ ಹೊರಗ ಬಿಟ್ಟಿದ್ದ.

ಸೋತೆ. ಅದನ್ನೇನು ಹೇಳೂದು,
ಠೇವಣಿನೂ ಹೋತು.
ನನಗ ಬಿದ್ದದ್ದು ಹನ್ನೊಂದು.
ನಾ, ಗಂಡ, ಮೈದುನ, ಅತ್ತಿ: ನಾಕು.

ಉಳಿದ ಏಳು ಯಾರದಂತ
ಊರು ಇನ್ನೂ ಹುಡುಕಾಕತ್ತೈತಿ.
ನಾನೂ ನಳದ ಮುಂದ ಕೊಡ ಇಟಗೊಂಡು
ಒಂದೊಂದ ಮಾರಿ ನೋಡತೀನಿ.
ಯಾರೂ ಹೇಳಿಲ್ಲ.
ಹೇಳಬ್ಯಾಡ್ರಿ.