ಕಿವಿಯ ತುಂಡು

ಶಿಡ್ಲಘಟ್ಟದಲ್ಲಿ ಕರೆಂಟು ಹೋದ ಮಧ್ಯಾಹ್ನ,
ಬೇಸಿನ್ನಿನ ಬಿಸಿನೀರು ಆರುವ ಹೊತ್ತಿಗೆ
ತರನ್ನುಮ್ ವಿಮಾನವನ್ನು ಬೋರಲು ಹಿಡಿದು ಬಂದಳು:
"ಅಬ್ಬಾ, ನಿಮ್ಮ ಬೆರಳು ಬೇಕು."

ಥರ್ಮಾಕೋಲಿನ ಮೈ. ಹೊಟ್ಟೆಯಲ್ಲಿ ಬೆಂಕಿಪೊಟ್ಟಣದಷ್ಟು ಸರ್ವೊ.
ಅಲ್ಲಿಂದ ಬಾಲದವರೆಗೆ ಸೈಕಲ್ಲಿನ ಕಡ್ಡಿ,
ತುದಿಯಲ್ಲಿ ಎರಡು ಸಲ ಮಡಿದದ್ದು.
ಮಡಿಸುವಾಗ ಮೂರು ಮುರಿದವಂತೆ.

ಚುಕ್ಕಾಣಿ ಅಲ್ಲಾಡಿಸಿ ನೋಡಿದೆ.
ಕಣ್ಣಿಗೆ ಏನೂ ಇಲ್ಲ.
ಆದರೆ ಇಪ್ಪತ್ತೆರಡು ವರ್ಷ ಎಳೆ ಹಿಡಿದ ಬೆರಳು,
ಗೂಡೊಂದು ಖಾಲಿಯಾಗಿ ನೂಲು ತೆಳ್ಳಗಾದರೆ
ನಿದ್ದೆಗಣ್ಣಲ್ಲೂ ಬೆಚ್ಚುವ ಬೆರಳು,
ಅದು ಹೇಳಿತು: ಸಡಿಲ. ಎಳ್ಳಿನ ಸಿಪ್ಪೆಯಷ್ಟು.

"ಅಷ್ಟಕ್ಕೇ ಬೀಳುತ್ತಾ?"
"ಇಲ್ಲಿ ಎಳ್ಳು. ಮೇಲೆ ಗಾಳಿ ಹಿಡಿದು ಒದರಿದರೆ ಕುಂಬಳಕಾಯಿ."

ಸೂಜಿ ಕಾಯಿಸಿ ತೂತು ಮಾಡಿದ್ದಳು, ಕಳ್ಳಿ. ದೊಡ್ಡದಾಗಿತ್ತು.
ಹೊಸ ಕೊಂಬಿಗೆ ಗಟ್ಟಿ ಪ್ಲಾಸ್ಟಿಕ್ ಹುಡುಕಿದರೆ
ಸಿಕ್ಕಿದ್ದು ಗೂಡಿನ ಮಾರ್ಕೆಟ್ಟಿನ ನನ್ನ ಹಳೇ ಕಾರ್ಡು.
ಕತ್ತರಿ ಹೆಸರು ತಪ್ಪಿಸಿ ಫೋಟೋಕ್ಕೆ ನುಗ್ಗಿತು,
ಬಂದದ್ದು ಒಂದು ಕಿವಿ, ಅರ್ಧ ಗಡ್ಡ.
ಈ ಸಲ ಪಿನ್ನಿನಿಂದ, ತಿರುವಿ ತಿರುವಿ, ನಾನೇ ಕೊರೆದೆ.

ಅವಳು ರಿಮೋಟ್ ಹಿಡಿದು "ಎಡ" ಅಂದಳು.
ಬಲಕ್ಕೆ ಹೋಯಿತು. ಜಗಳವಾಯಿತು.
ಆಮೇಲೆ ಹೊಳೆಯಿತು, ನಾನು ಕೂತದ್ದು ಮೂತಿಯ ಕಡೆ.
ಎದ್ದು ಅವಳ ಪಕ್ಕ, ಬಾಲದ ಹಿಂದೆ ಕುಕ್ಕರಿಸಿದೆ.

ಎಡ.
ಕಡ್ಡಿ ಎಳೆಯಿತು. ನನ್ನ ಕಿವಿ
ಮೊದಲ ಮಾತಿಗೇ ಬಾಗಿತು.
ಅವಳ ಅಮ್ಮಿ ಒಳಗಿಂದ:
"ಮನೇಲಿ ಯಾವತ್ತಾದರೂ ಹಾಗೆ ಕೇಳಿದ್ದಿದೆಯಾ?"